ಯಾರೂ ಸೋಲದ ಆಟ

ಪವಾಯಿ, ಮುಂಬಯಿ
12 ಜುಲೈ 2025

ಪ್ರಿಯ ಶಿವಕುಮಾರಿ,

ಹತ್ತು ವರ್ಷಗಳ ನಂತರ ಬರೆಯುತ್ತಿರುವುದರಿಂದ ಮೊದಲು ನನ್ನ ಗುರುತು ಹೇಳಬೇಕು. ಜೋಗೇಶ್ವರಿಯ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಐದನೇ ಇಯತ್ತೆಯವರೆಗೆ ನಿನ್ನೊಂದಿಗೆ ಒಂದೇ ಬೆಂಚಿನಲ್ಲಿ ಕುಳಿತ ಲಾವಣ್ಯಾ ನಾನು. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿದ್ದ ಕಾಂತಪ್ಪನವರ ಮಗಳು. ನಿನ್ನ ವಿಳಾಸವನ್ನು ನಮ್ಮ ಚನ್ನಬಸಯ್ಯ ಮಾಸ್ತರರಿಂದ ಪಡೆದೆ. ನಿಮ್ಮ ಕುಟುಂಬ ಅಫಜಲಪುರದ ಕಡೆಗೆ ಮರಳಿತೆಂದೂ ನಿನ್ನ ಕಾಕಾ ಗುರುಪಾದ ಅವರ ಮನೆಗೆ ಬರೆದರೆ ತಲುಪೀತೆಂದೂ ಅವರು ಹೇಳಿದರು.

ನಾನೀಗ ಇಲ್ಲಿಯ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಮೂರನೇ ವರ್ಷದಲ್ಲಿದ್ದೇನೆ. ವಿಭಾಗದಲ್ಲಿ ಮೊದಲನೆಯವಳು. ಇದನ್ನು ಜಂಬಕ್ಕಾಗಿ ಬರೆಯುತ್ತಿಲ್ಲ. ಇದನ್ನು ಬಿಟ್ಟರೆ ನನ್ನ ಪರಿಚಯ ಅಪೂರ್ಣವಾಗುತ್ತದೆ, ಅಷ್ಟೇ.

ಬರೆಯಲು ಕಾರಣವಿದೆ. ನಾವಿಬ್ಬರೂ ಜೋಡಿಯಾಗಿ ಭಾಗವಹಿಸಿದ್ದ ಟಿವಿಯ ರಸಪ್ರಶ್ನೆ ಆಟ ‘ಸವಾಲ್ ಜೋಡಿ ಜೂನಿಯರ್’ ಮತ್ತೆ ಆರಂಭವಾಗುತ್ತಿದೆ. ನಿಯಮಗಳು ನಿನಗೆ ಮರೆತಿರಬಹುದಾದ್ದರಿಂದ ಜ್ಞಾಪಿಸುತ್ತೇನೆ. ದೊಡ್ಡವರ ಆಟದಲ್ಲಿ ತಪ್ಪು ಉತ್ತರ ಕೊಟ್ಟವರು ವೇದಿಕೆ ಇಳಿದು, ಚಹಾ ಕುಡಿದು, ತಮ್ಮವರ ಜೊತೆ ಕುಳಿತುಕೊಳ್ಳುತ್ತಾರೆ. ಮಕ್ಕಳ ಆಟದಲ್ಲಿ ಯಾರೂ ಸೋಲುವುದಿಲ್ಲ, ಯಾರನ್ನೂ ಹೊರಗೆ ಕಳಿಸುವುದಿಲ್ಲ. ತಪ್ಪು ಹೇಳಿದ ಮಗು ‘ಸ್ಟ್ಯಾಚ್ಯೂ’ ಆಗುತ್ತದೆ: ಹಿಂದಿನ ದುಂಡು ಪೀಠದ ಮೇಲೆ, ಮೊಣಕಾಲಿನ ಮೇಲೆ ಕೈಯಿಟ್ಟು, ಮಾತು ಕೇಳದಂತೆ ಕಿವಿಗೆ ಹಾಡಿನ ಹೆಡ್‌ಫೋನ್ ಹಾಕಿಕೊಂಡು ಅಲುಗಾಡದೆ ಕೂರಬೇಕು. ಸರಿ ಉತ್ತರಕ್ಕೊಂದು ಮೆಟ್ಟಿಲಿನಂತೆ ಏರುತ್ತಿರುವ ಜೊತೆಗಾರ, ನಿರೂಪಕರು ಕೇಳಿದಾಗ, ಒಂದು ಮೆಟ್ಟಿಲು ಕೆಳಗಿಳಿಯಲು ಒಪ್ಪಿ ‘ಓವರ್’ ಎಂದರೆ ಬಿಡುಗಡೆ. ಸ್ಟ್ಯಾಚ್ಯೂ ಅಲುಗಾಡಿದರೆ ಜೊತೆಗಾರನ ಆಟ ಮುಗಿಯಿತು. ಕೊನೆಯಲ್ಲಿ ನಿಂತಿರುವವರಿಗೆ ಹನ್ನೆರಡನೆಯವರೆಗೆ ದೊಡ್ಡ ಇಂಗ್ಲಿಷ್ ಶಾಲೆಯಲ್ಲಿ ಓದು. ಕುಳಿತವರಿಗೆ ಬ್ಯಾಗು ಮತ್ತು ಪ್ರಶಸ್ತಿಪತ್ರ.

ಈ ಸ್ಟ್ಯಾಚ್ಯೂ ನಿಯಮದ ಬಗ್ಗೆ ಕೆಲವು ಪಾಲಕರು ಆಕ್ಷೇಪ ಎತ್ತಿದ್ದಾರಂತೆ. ಆದ್ದರಿಂದ ಹಳೆಯ ಜೋಡಿಯೊಂದನ್ನು ಕರೆಸಿ, ಹತ್ತು ವರ್ಷಗಳ ನಂತರ ನಾನು ನಿನ್ನ ಭುಜ ಮುಟ್ಟಿ ‘ಓವರ್’ ಎನ್ನುವ ದೃಶ್ಯ ತೋರಿಸಬೇಕೆಂಬುದು ವಾಹಿನಿಯವರ ಯೋಜನೆ. ನಾನು ಒಪ್ಪಿದ್ದೇನೆ. ಅಂದು ಬಾಯಿಗೆ ಬಾರದ ಮಾತನ್ನು ಇಂದಾದರೂ ಹೇಳುವ ಅವಕಾಶ ಎಂದುಕೊಂಡಿದ್ದೇನೆ. ನಿನ್ನ ಪ್ರಯಾಣದ ವ್ಯವಸ್ಥೆ ಅವರದೇ. ನವೆಂಬರಿನಲ್ಲಿ ಚಿತ್ರೀಕರಣ. ಬರುವೆಯಾ?

ನಿನ್ನ ಗೆಳತಿ,
ಲಾವಣ್ಯಾ


ಜೋಗೇಶ್ವರಿ (ಪೂರ್ವ)
9 ಆಗಸ್ಟ್ 2025

ಲಾವಣ್ಯಾ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಊರಿಗೆ ಹೋಗಿ, ಕಾಕಾನ ಮನೆಯಲ್ಲಿ ಹತ್ತು ದಿನ ಇದ್ದು, ಊರವರೊಬ್ಬರ ಚೀಲದಲ್ಲಿ ಇಲ್ಲಿಗೆ ಬಂತು. ನಾವು ಊರಿಗೆ ಹೋಗಲೇ ಇಲ್ಲ. ಮಾಸ್ತರರಿಗೆ ಯಾರೋ ಹಾಗೆ ಹೇಳಿರಬೇಕು. ಮೊದಲಿದ್ದ ಚಾಳಿನಿಂದ ಎರಡು ಗಲ್ಲಿ ಆಚೆ ಇದ್ದೇವೆ. ಅಪ್ಪ ಅಣವೀರಪ್ಪ ಈಗಲೂ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾನೆ. ನಾನು ಸ್ವಿಚ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಗಾಲಾದಲ್ಲಿ ಕೆಲಸಕ್ಕಿದ್ದೇನೆ. ತಯಾರಾದ ಸ್ವಿಚ್ಚನ್ನು ಒತ್ತಿ ಬಲ್ಬು ಹತ್ತುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ.

ನಿಮ್ಮ ಓದಿನ ಸುದ್ದಿ ತಿಳಿದು ಅವ್ವನಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು.

ನಿಯಮಗಳನ್ನು ಬಿಡಿಸಿ ಬರೆದಿದ್ದೀರಿ. ಮರೆತಿರಲಿಲ್ಲ. ನವೆಂಬರಿನಲ್ಲಿ ಗಾಲಾದಲ್ಲಿ ರಜೆ ಸಿಗುವುದಿಲ್ಲ, ಆದ್ದರಿಂದ ನನ್ನನ್ನು ಬಿಟ್ಟುಬಿಡಿ. ಮುಂದೆ ಬರೆಯುವುದಿದ್ದರೆ ಕಾಗದದಲ್ಲೇ ಬರೆಯಿರಿ. ಫೋನಿಗೆ ಬಂದದ್ದು ಎಲ್ಲ ಕಡೆ ತಿರುಗುತ್ತದೆ.

ಒಂದು ಮಾತು ಕೇಳಬೇಕಿತ್ತು. ನನ್ನನ್ನು ಬಿಡಿಸುವ ಬಗ್ಗೆ ಆ ದಿನ ನಿಮ್ಮನ್ನು ಎಷ್ಟು ಸಲ ಕೇಳಿದರು? ಟಿವಿಯಲ್ಲಿ ತೋರಿಸಿದ್ದು ಒಂದು ಸಲ.

ಶಿವಕುಮಾರಿ


ಪವಾಯಿ
13 ಆಗಸ್ಟ್ 2025

ಪ್ರಿಯ ಶಿವಕುಮಾರಿ,

ನೀನು ಜೋಗೇಶ್ವರಿಯಲ್ಲಿಯೇ ಇರುವೆ ಎಂದು ಓದಿ ಆ ಸಾಲನ್ನು ಮತ್ತೆ ಓದಿದೆ. ನನ್ನ ಹಾಸ್ಟೆಲಿನ ಗೇಟಿನಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೆ. ಪ್ರತಿ ಸಲವೂ ನೀನು ಬಹಳ ದೂರ ಇರುವೆ ಎಂದುಕೊಂಡೇ ಓಡಾಡಿದ್ದೇನೆ.

ರಜೆಯದು ತೊಡಕೇ ಅಲ್ಲ. ವಾಹಿನಿಯವರಿಂದ ನಿನ್ನ ಮಾಲೀಕರಿಗೆ ಪತ್ರ ಬರೆಸುತ್ತೇನೆ. ಕಾರು ನಿನ್ನ ಗಲ್ಲಿಯ ತುದಿಗೇ ಬರುತ್ತದೆ. ಉಡುಪಿನ ಬಗ್ಗೆಯೂ ಸಂಕೋಚ ಬೇಡ, ಅಲ್ಲಿ ಎಲ್ಲವನ್ನೂ ಅವರೇ ಕೊಡುತ್ತಾರೆ. ಗಾಲಾದ ಕೆಲಸ ಹೇಳಿಕೊಳ್ಳಲು ನಾಚಿಕೆ ಎನಿಸಿದರೆ ಆ ವಿಷಯವನ್ನೇ ಎತ್ತದಂತೆ ನಾನು ಮೊದಲೇ ಹೇಳಿಡುತ್ತೇನೆ.

ನೀನು ಕೇಳಿದ ಪ್ರಶ್ನೆಗೆ ಉತ್ತರ: ಒಂದೇ ಸಲ. ಕೊನೆಯ ಮೆಟ್ಟಿಲಿನ ಮುಂದೆ. ನಿರೂಪಕರು ‘ಸ್ಟ್ಯಾಚ್ಯೂ ಯಾ ಓವರ್?’ ಎಂದರು. ದೀಪಗಳು, ಸಂಗೀತ, ಜನ. ಹತ್ತು ವರ್ಷದ ಮಗುವಿಗೆ ವಿವೇಚನೆಗೆ ಎಡೆಯೆಲ್ಲಿ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಹಾಗೆ ಕೇಳುವ ನಿಯಮವೇ ಅನ್ಯಾಯದ್ದೆಂದು ಈಗ ಅನಿಸುತ್ತದೆ. ಆದರೆ ನಿನಗೆ ತೊಂದರೆಯಾಗಬೇಕೆಂದು ನಾನು ಎಣಿಸಿರಲಿಲ್ಲ.

ಭಾನುವಾರ ನಾನೇ ಬರಲೇ?

ಲಾವಣ್ಯಾ


ಜೋಗೇಶ್ವರಿ (ಪೂರ್ವ)
30 ಆಗಸ್ಟ್ 2025

ಲಾವಣ್ಯಾ ಅವರಿಗೆ,

ಬರಬೇಡಿ.

ಗಾಲಾದ ಕೆಲಸಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೆ ಪಡಬೇಕಾದದ್ದು ಬೇರೆ ಇತ್ತು, ಅದು ನಿಮಗೆ ಗೊತ್ತಿಲ್ಲ ಎಂದು ಕಾಣುತ್ತದೆ. ಗೊತ್ತಿದ್ದರೆ ಉಡುಪಿನ ಮಾತು ಬರೆಯುತ್ತಿರಲಿಲ್ಲ.

ಗಾಲ್ಫ್ ಆಟದ ಮೈದಾನದಲ್ಲಿ ಎಷ್ಟು ಕುಳಿ ಇರುತ್ತವೆ ಎಂದು ನನ್ನನ್ನು ಕೇಳಿದರು. ನಾನು ನೋಡಿದ ಕುಳಿಗಳು ಅಪ್ಪನ ಪಾಯದ ಕುಳಿಗಳು. ಒಂಬತ್ತು ಎಂದೆ; ಹದಿನೆಂಟಂತೆ. ಪೀಠದ ಮೇಲೆ ಕೂರಿಸಿದಾಗ ಮೇಲಿನ ಗಡಿಯಾರದಲ್ಲಿ ಹತ್ತೂವರೆ. ಎಬ್ಬಿಸಿದಾಗ ಎರಡೂ ಇಪ್ಪತ್ತು. ನಡುವೆ ದೀಪ ಬದಲಿಸಿದರು, ನಿಮಗೆ ಎರಡು ಸಲ ಜೂಸ್ ಕೊಟ್ಟರು, ನಿಮ್ಮ ಜಡೆ ಮತ್ತೆ ಹೆಣೆದರು. ಸ್ಟ್ಯಾಚ್ಯೂ ಎದ್ದರೆ ಚಿತ್ರ ಹೊಂದುವುದಿಲ್ಲ ಎಂದು ನನ್ನನ್ನು ಎಬ್ಬಿಸಲಿಲ್ಲ.

ಒಂದು ಗಂಟೆಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ನೀಲಿ ಫ್ರಾಕು ಅವರದು, ಒದ್ದೆಯಾದದ್ದು ದೂರಕ್ಕೆ ಕಾಣುತ್ತಿರಲಿಲ್ಲ. ಗ್ಯಾಲರಿಯಲ್ಲಿ ನಿಮ್ಮ ತಂದೆಯ ಪಕ್ಕ ಕೂತಿದ್ದ ಅವ್ವನಿಗೆ ಕಂಡಿತು. ಅವಳಿಗೆ ಹಿಂದಿ ಬರುತ್ತಿರಲಿಲ್ಲ. ನಿಮ್ಮ ತಂದೆಗೆ ಹೇಳಿದಳಂತೆ:

“ಅಣ್ಣಾರ, ಕೂಸು ಒದ್ದಾಡ್ಲಿಕತ್ತದ ನೋಡ್ರಿ. ಅವ್ರಿಗೊಂದು ಮಾತು ಹೇಳ್ರಲಾ.”

“ಈಗ ಆಯ್ತು ಕಸ್ತೂರಕ್ಕಾ, ಇನ್ನೊಂದೇ ಪ್ರಶ್ನೆ,” ಎಂದರಂತೆ.

ಇನ್ನೂ ನಾಲ್ಕು ಪ್ರಶ್ನೆ ಇದ್ದವು.

ಬಸ್ಸಿನಲ್ಲಿ ನಮ್ಮ ಶಾಲೆಯ ಮಕ್ಕಳೆಲ್ಲ ಇದ್ದರು. ನೀವು ಮಾತ್ರ ಅವರ ಕಾರಿನಲ್ಲಿ ಮುಂದೆ ಹೋಗಿದ್ದಿರಿ. ಮರುದಿನದಿಂದ ಶಾಲೆಯಲ್ಲಿ ನನಗೆ ಬೇರೆ ಹೆಸರು ಬಂತು. ಅದನ್ನು ಬರೆಯುವುದಿಲ್ಲ. ಏಳನೆಯ ಇಯತ್ತೆಯವರೆಗೆ ಹೋಗಿ ಬಿಟ್ಟೆ.

ಒಂದು ಸಲ ಎಂದು ಬರೆದಿದ್ದೀರಿ. ಆಗಲಿ.

ಶಿವಕುಮಾರಿ


ಪವಾಯಿ
5 ಸೆಪ್ಟೆಂಬರ್ 2025

ಶಿವಕುಮಾರಿ,

ನಿನ್ನ ಪತ್ರವನ್ನು ಓದಿದ ಮೇಲೆ ಅಪ್ಪನಿಗೆ ಫೋನು ಮಾಡಿ ಕೇಳಿದೆ. ಅವರು “ನಿನಗೋಸ್ಕರ ಮಗಾ,” ಎಂದರು. ಫೋನು ಇಟ್ಟೆ.

ನಿನಗೆ ಬರೆಯದ ಸಂಗತಿಗಳು ನನ್ನಲ್ಲಿಯೂ ಇವೆ. ನಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸ್ಟಿಕರ್ ಓಡಾಡುತ್ತದೆ. ಪ್ರಾಧ್ಯಾಪಕರು ಪ್ರಶ್ನೆ ಕೇಳಿ ಯಾರಿಗೂ ಉತ್ತರ ತಿಳಿಯದಿದ್ದಾಗ ಅದನ್ನು ಹಾಕಿ ನಗುತ್ತಾರೆ: ನೀಲಿ ಫ್ರಾಕಿನ ಹುಡುಗಿ, ಮೊಣಕಾಲಿನ ಮೇಲೆ ಕೈ, ಅಗಲವಾದ ಕಣ್ಣು. ಅದು ನೀನು. ಮೊದಲ ವರ್ಷದಿಂದಲೂ ನೋಡುತ್ತಿದ್ದೇನೆ. ಯಾರಿಗೂ ಹೇಳಿಲ್ಲ. ಒಮ್ಮೆ ನಾನೂ ಅದನ್ನು ಹಾಕಿದ್ದೇನೆ. ಹಾಕದೆ ಇದ್ದರೆ ಯಾರಾದರೂ ಕಾರಣ ಕೇಳಬಹುದೆಂದು ಹೆದರಿದ್ದೆ.

ಪರೀಕ್ಷೆಯ ಸಭಾಂಗಣದಲ್ಲಿ ಎಲ್ಲರಿಗಿಂತ ಮೊದಲು ನಾನು ಬರೆದು ಮುಗಿಸುತ್ತೇನೆ. ತಲೆಯೆತ್ತಿದಾಗ ಹಿಂದಿನ ಸಾಲಿನ ಕೊನೆಯಲ್ಲಿ ಯಾರೋ ಅಲುಗಾಡದೆ ಕುಳಿತಿದ್ದಾರೆ ಎನಿಸುತ್ತದೆ. ಹಿಂದೆ ತಿರುಗುವಂತಿಲ್ಲ, ಮೇಲ್ವಿಚಾರಕರು ಬಿಡುವುದಿಲ್ಲ. ಬೆನ್ನಿನಿಂದಲೇ ನೋಡುತ್ತೇನೆ. ಎದ್ದು ಹೊರಡುವಾಗ ಆ ಜಾಗದಲ್ಲಿ ಬೆಂಚು ಮಾತ್ರ ಇರುತ್ತದೆ. ಇದು ಎರಡು ವರ್ಷಗಳಿಂದ ನಡೆದಿದೆ. ಈ ಅವಧಿಯಲ್ಲಿ ನನ್ನ ಅಂಕಗಳು ಕಡಿಮೆಯಾಗಿಲ್ಲ.

ಈಗ ನಿನ್ನ ಪ್ರಶ್ನೆ. ಮೂರು ಸಲ ಕೇಳಿದರು.

ನಾಲ್ಕನೇ ಮೆಟ್ಟಿಲಿನಲ್ಲಿ ಮೊದಲ ಸಲ. ಇನ್ನೊಂದು ಮೆಟ್ಟಿಲು ಹತ್ತಿ ಆಮೇಲೆ ನಿನ್ನನ್ನು ಬಿಡಿಸಿದರಾಯಿತು ಎಂದುಕೊಂಡೆ. ಆರನೆಯದರಲ್ಲಿ ಎರಡನೇ ಸಲ. ಅಪ್ಪನ ಕಡೆಗೆ ನೋಡಿದೆ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮೂರನೆಯದು ಕೊನೆಯ ಮೆಟ್ಟಿಲಿನ ಮುಂದೆ. ನಾನು ನಕ್ಕು ‘ಸ್ಟ್ಯಾಚ್ಯೂ’ ಎಂದೆ, ಜನರೂ ನಕ್ಕರು. ಪ್ರಸಾರವಾದದ್ದು ಅದೊಂದೇ. ಮೊದಲ ಎರಡನ್ನು ಕತ್ತರಿಸಿದ್ದರು.

ಗಡಿಬಿಡಿಯಲ್ಲಿ ಹೇಳಿದೆನೆಂದು ಬರೆದದ್ದು ಸುಳ್ಳು. ಗಣಿತದಲ್ಲಿ ನೀನು ನನಗಿಂತ ಚುರುಕಾಗಿದ್ದೆ. ಮಾಸ್ತರರು ಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ನಿನ್ನ ಉತ್ತರ ಸಿದ್ಧವಿರುತ್ತಿತ್ತು. ನೀನು ನನ್ನ ಜೊತೆ ಆ ಹೊಸ ಶಾಲೆಗೆ ಬಂದರೆ ಅಲ್ಲಿಯೂ ನಾನು ಎರಡನೆಯವಳೇ ಆಗುವೆನೆಂದು ಮೊದಲ ಸಲವೇ ತೋಚಿತ್ತು. ಹತ್ತು ವರ್ಷದ ಮಗುವಿಗೆ ವಿವೇಚನೆಯಿರಲಿಲ್ಲ ಎಂದಿದ್ದೆನಲ್ಲ, ಇಷ್ಟು ಇತ್ತು.

ನಿನ್ನ ಕಿವಿಗೆ ಹೆಡ್‌ಫೋನ್ ಇತ್ತು, ನಾನು ಮೂರು ಸಲ ಬೇಡವೆಂದದ್ದು ನಿನಗೆ ತಿಳಿಯಲಿಲ್ಲ. ನನಗುಳಿದ ಸಮಾಧಾನ ಅದೊಂದೇ ಆಗಿತ್ತು. ಅದನ್ನೂ ಈಗ ನಾನೇ ಕಳೆದುಕೊಂಡಿದ್ದೇನೆ.

ಲಾವಣ್ಯಾ


ಜೋಗೇಶ್ವರಿ (ಪೂರ್ವ)
2 ಅಕ್ಟೋಬರ್ 2025

ಲಾವಣ್ಯಾ,

ಇವತ್ತು ಗಾಲಾಕ್ಕೆ ರಜೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇನ್ನು ‘ನೀವು’ ಬೇಡ.

ಹೆಡ್‌ಫೋನಿನಲ್ಲಿ ಹಾಡು ಬರಲೇ ಇಲ್ಲ. ಹಾಕುವಾಗ ಒಮ್ಮೆ ಕರ್ ಎಂದಿತು, ನಿಂತುಹೋಯಿತು. ಹೇಳೋಣವೆಂದರೆ ಬಾಯಿ ಅಲುಗಿಸಿದರೂ ಅಲುಗಾಡಿದಂತೆಯೇ ಎಂದು ಮಾಸ್ತರರು ಬಸ್ಸಿನಲ್ಲಿ ಬರುವಾಗ ಹೇಳಿದ್ದರು. ಅವರು ನಿಯಮದ ಕಾಗದವನ್ನು ನಮಗೆಲ್ಲ ಕನ್ನಡದಲ್ಲಿ ಓದಿ ಹೇಳುತ್ತ, “ಝೆಂಡಾವಂದನಕ್ಕ ಹ್ಯಾಂಗ ನಿಂದರ್ತೀರಿ, ಹಾಂಗ. ನೊಣ ಕುಂತ್ರೂ ಅಲುಗ್ಯಾಡಬಾರ್ದು. ಸಾಲಿ ಮರ್ಯಾದಿ ಅದ,” ಅಂದಿದ್ದರು. ಬೇರೆ ಶಾಲೆಯ ಮಕ್ಕಳು ಮೂಗು ಕೆರೆದುಕೊಂಡರು, ಆಕಳಿಸಿದರು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಅಷ್ಟೊಂದು ಗಟ್ಟಿಯಾಗಿ ಆ ನಿಯಮ ಪಾಲಿಸಿದವಳು ನಾನೊಬ್ಬಳೇ.

ಎಲ್ಲ ಕೇಳಿಸಿತು, ಮೂರು ಸಲವೂ. ನಾನು ಮೊದಲ ಪತ್ರದಲ್ಲಿ ಕೇಳಿದ್ದು ಉತ್ತರ ಗೊತ್ತಿಲ್ಲದೆ ಅಲ್ಲ.

ಎದ್ದು ನಿಂತಿದ್ದರೆ ಅಲ್ಲಿಗೆ ನಿನ್ನ ಆಟ ಮುಗಿಯುತ್ತಿತ್ತು. ಕೈ ಎತ್ತಿದ್ದರೂ ಸಾಕಿತ್ತು. ಇದು ನಿನಗೆ ಇಷ್ಟು ವರ್ಷದಲ್ಲಿ ಯಾವತ್ತೂ ಹೊಳೆಯಲಿಲ್ಲವಾ? ಮೊದಲ ಸಲ ನೀನು ಬೇಡ ಎಂದಾಗ, ಮುಂದಿನ ಸಲ ಬಿಡಿಸುತ್ತಾಳೆ ಎಂದು ಕೂತೆ. ಎರಡನೇ ಸಲ ಎಂದಾಗ ಸಿಟ್ಟು ಬಂತು. ಏಳೋಣ ಎಂದುಕೊಂಡೆ. ಮಾಸ್ತರರು ಎದುರಿಗೇ ಇದ್ದರು, ನಮ್ಮ ಶಾಲೆಯ ಹೆಸರು ಹಲಗೆಯ ಮೇಲೆ ಬರೆದಿತ್ತು. ಏಳಲಿಲ್ಲ.

ಮೂರನೇ ಸಲದ ಹೊತ್ತಿಗೆ ಫ್ರಾಕು ಒದ್ದೆಯಾಗಿತ್ತು. ನೀನು ‘ಓವರ್’ ಎಂದರೆ ಅಷ್ಟು ಜನರ ಮುಂದೆ, ಆ ಬೆಳಕಿನಲ್ಲಿ ಎದ್ದು ಮುಂದೆ ಬರಬೇಕು. ಬಿಡಿಸಬೇಡ, ಬಿಡಿಸಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಿಮ್ಮ ಗುಂಪಿನವರು ನಗುವ ಆ ಕಣ್ಣು ಆ ಗಳಿಗೆಯದು. ಆ ಸಲ ನೀನು ಬೇಡ ಎಂದದ್ದಕ್ಕೆ ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಟಿವಿಯಲ್ಲಿ ತೋರಿಸದ ಎರಡು ಸಲದ ಸಿಟ್ಟು ಇದೆ.

ಇವತ್ತಿಗೂ ಲೋಕಲ್ ನಿಂತ ಕೂಡಲೇ ನನಗೆ ಇಳಿಯಲಾಗುವುದಿಲ್ಲ. ಹಿಂದಿನವರು ದೂಡಬೇಕು. ಯಾರೂ ದೂಡದಿದ್ದರೆ ಮುಂದಿನ ಸ್ಟೇಷನ್ನಿಗೆ ಹೋಗಿಬಿಡುತ್ತೇನೆ. “ಎಲ್ಲಿ ಕಳಕೊಂಡೀ ಚಿತ್ತಾ?” ಎಂದು ಅವ್ವ ಬೈಯುತ್ತಾಳೆ.

ನಾನು ಅಲ್ಲಿಗೆ ಬರುವುದಿಲ್ಲ. ನನ್ನ ಭುಜ ಮುಟ್ಟುವುದು ಬೇಡ. ನೀನು ಹೋಗು. ಹೋಗಿ ಎಷ್ಟು ಸಲ ಎಂದು ಹೇಳು. ನನಗೆ ಬರೆದಂತೆ ಅಲ್ಲಿ ಬಾಯಿಂದ ಹೇಳು.

ಶಿವಕುಮಾರಿ


ಪವಾಯಿ
20 ನವೆಂಬರ್ 2025

ಶಿವಕುಮಾರಿ,

ಚಿತ್ರೀಕರಣ ಒಂಬತ್ತನೇ ತಾರೀಖು ಗೋರೆಗಾಂವಿನ ಒಂದು ಸ್ಟುಡಿಯೋದಲ್ಲಿ ನಡೆಯಿತು. ಹನ್ನೊಂದು ದಿನಗಳಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾಲ್ಕು ಬಾರಿ ಹರಿದೆ, ಏಕೆಂದರೆ ಪ್ರತಿ ಸಲವೂ ಅದರಲ್ಲಿ ನಾನು ಒಳ್ಳೆಯವಳಾಗಿ ಕಾಣುತ್ತಿದ್ದೆ.

ನೀನು ಹೇಳಿದ್ದನ್ನು ಮಾಡಿದೆ. ‘ಗೆಳತಿ ಬರಲಿಲ್ಲ, ನಿಮ್ಮ ಮೇಲೆ ಇನ್ನೂ ಕೋಪವೇ?’ ಎಂದು ನಿರೂಪಕರು ನಗುತ್ತ ಕೇಳಿದರು. ನನ್ನನ್ನು ಮೂರು ಸಲ ಕೇಳಿದ್ದರು, ಮೂರು ಸಲವೂ ನಾನು ಬೇಡವೆಂದೆ, ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕುಳಿತಿದ್ದಳು ಎಂದೆ. ಅವರು ಮತ್ತೂ ನಕ್ಕರು. ಆಮೇಲೆ ನಿರ್ದೇಶಕರು ಇಳಿದು ಬಂದು, ಇದು ಮಕ್ಕಳ ಕಾರ್ಯಕ್ರಮ, ಸ್ವಲ್ಪ ಹಗುರವಾಗಿ ಇನ್ನೊಮ್ಮೆ ಮಾಡೋಣ ಎಂದರು. ಗ್ಯಾಲರಿಯಲ್ಲಿ ಇನ್ನೂರು ಜನರಿದ್ದರು. ಅವರಷ್ಟೇ ಕೇಳಿದ್ದು.

ಕಥೆ ಇಲ್ಲಿಗೆ ಮುಗಿದಿದ್ದರೆ ಪತ್ರವನ್ನು ಮರುದಿನವೇ ಕಳಿಸುತ್ತಿದ್ದೆ.

ಹಿಂದಿನ ಪೀಠದ ಮೇಲೆ ಸ್ನೇಹಲ್ ಎಂಬ ಹುಡುಗಿ ಕುಳಿತಿದ್ದಳು. ಒಂಬತ್ತು ವರ್ಷ. ಅವಳ ಜೊತೆಗಾರ ಅಕ್ಷಯ, ಹತ್ತು ವರ್ಷದವನು, ಐದನೇ ಮೆಟ್ಟಿಲಿನಲ್ಲಿದ್ದ. ನನಗಾಗಿ ಆಟವನ್ನು ನಡುವೆ ನಿಲ್ಲಿಸಿದ್ದರು. ದೀಪಗಳನ್ನು ಸರಿಪಡಿಸುತ್ತಿದ್ದಾಗ ಅವಳನ್ನು ನೋಡಿದೆ. ಮೊಣಕಾಲುಗಳನ್ನು ಒಂದಕ್ಕೊಂದು ಒತ್ತಿಕೊಂಡಿದ್ದಳು, ಕೆಳತುಟಿ ಬಿಳಿಚಿತ್ತು. ನಿನ್ನ ಆಗಸ್ಟಿನ ಪತ್ರವನ್ನು ಓದಿರದಿದ್ದರೆ ಅದು ನನಗೆ ಅರ್ಥವಾಗುತ್ತಿರಲಿಲ್ಲ. ನಾನು ಹೋಗಿ ಅವಳನ್ನು ಎರಡೂ ಕಂಕುಳಲ್ಲಿ ಹಿಡಿದು ಕೆಳಗಿಳಿಸಿದೆ. “ಹೋಗು,” ಎಂದೆ. ಅವಳು ಓಡಿದಳು.

ಬಜರ್ ಮೊಳಗಿತು.

ನಾನು ಯೋಚಿಸಿರಲಿಲ್ಲ. ಯೋಚಿಸುವುದನ್ನಷ್ಟೇ ಕಲಿತ ನಾನು ಯೋಚಿಸಿರಲಿಲ್ಲ. ಸ್ಟ್ಯಾಚ್ಯೂ ಅಲುಗಾಡಿದರೆ ಜೊತೆಗಾರನ ಆಟ ಮುಗಿಯಿತು. ಅಲುಗಾಡಿಸಿದವರು ಯಾರೆಂದು ನಿಯಮ ಕೇಳುವುದಿಲ್ಲ. ತಪ್ಪು ನನ್ನದು, ಹುಡುಗನನ್ನು ಬಿಡಿ ಎಂದು ಅರ್ಧ ಗಂಟೆ ವಾದಿಸಿದೆ. ಅವರು ಕಾಗದ ತಂದು ತೋರಿಸಿದರು. ಎಲ್ಲ ಪಾಲಕರ ಸಹಿಯಿತ್ತು. ಸ್ನೇಹಲ್ ಹಿಂತಿರುಗಿ ಬಂದು, ಇನ್ನೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತಿದ್ದೆ ಎಂದು ಅತ್ತಳು. ಅಕ್ಷಯ ಅಳಲಿಲ್ಲ. ಐದನೇ ಮೆಟ್ಟಿಲಿನ ಮೇಲೆಯೇ ನಿಂತು, ಪ್ರಶ್ನೆಯನ್ನು ಇನ್ನೂ ಕೇಳಿಲ್ಲವಲ್ಲ ಎಂದು ನಿರೂಪಕರನ್ನು ನೋಡುತ್ತಿದ್ದ.

ಅವನ ತಾಯಿ ರಾಜೀವಿ, ನಮ್ಮ ಕಡೆಯವರೇ, ಮೀರಾ ರೋಡಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ನಾನು ಕನ್ನಡದವಳೆಂದು ನಿರೂಪಕರ ಪರಿಚಯದಿಂದ ತಿಳಿದಿತ್ತು. ಹೊರಗಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು. ದನಿ ಏರಿಸಲಿಲ್ಲ.

“ನಿಮ್ಗೆ ಸಿಕ್ಕಿತಲ್ಲ ಶಾಲೆ. ನನ್ನ ಮಗನದ್ದು ಯಾಕೆ ಕಿತ್ಕೊಂಡ್ರಿ?”

ಅವರು ಸ್ವಲ್ಪ ಹೊತ್ತು ಕಾದರು, ನಿಜವಾಗಿಯೂ ಉತ್ತರ ಬೇಕೆಂಬಂತೆ. ಆಮೇಲೆ ಹುಡುಗನ ಕೈಹಿಡಿದು ರಿಕ್ಷಾ ಹತ್ತಿದರು.

ಮೊನ್ನೆ ಪ್ರಸಾರವಾದ ಕಂತಿನಲ್ಲಿ ನಾನಿಲ್ಲ, ಆ ಮಕ್ಕಳಿಬ್ಬರೂ ಇಲ್ಲ. ಬೇರೆ ಹಳೆಯ ಜೋಡಿಯೊಂದು ನಗುತ್ತ ಬಂದು ಭುಜ ಮುಟ್ಟಿತು. ಗುಂಪಿನಲ್ಲಿ ಆ ಸ್ಟಿಕರ್ ಯಾರದೆಂದು ಹೇಳಿದೆ. ಎರಡು ದಿನ ಯಾರೂ ಮಾತನಾಡಲಿಲ್ಲ. ಮೂರನೇ ದಿನ ಬೇರೊಂದು ಸ್ಟಿಕರ್ ಬಂತು. ನಿನ್ನೆಯ ಪರೀಕ್ಷೆಯಲ್ಲಿ ತಲೆಯೆತ್ತಿದಾಗ ಹಿಂದಿನ ಸಾಲಿನ ಕೊನೆಯಲ್ಲಿ ಇಬ್ಬರಿದ್ದರು. ಒಬ್ಬರು ಕುಳಿತಿದ್ದರು. ಇನ್ನೊಬ್ಬರು ನಿಂತಿದ್ದರು.

ಅಕ್ಷಯನ ವಿಳಾಸ ನನ್ನಲ್ಲಿದೆ. ಆ ಮಗುವಿಗೆ ಏನು ಬರೆಯಬೇಕೆಂದು ನನಗೆ ತಿಳಿಯುತ್ತಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ.

ಲಾವಣ್ಯಾ


ಜೋಗೇಶ್ವರಿ (ಪೂರ್ವ)
24 ನವೆಂಬರ್ 2025

ಲಾವಣ್ಯಾ,

ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಆ ಹುಡುಗಿ ಓಡಿ ಹೋದಳಲ್ಲ, ಸಮಯಕ್ಕೆ ಮುಟ್ಟಿದಳೇನು ಎಂದು ಕೇಳಿದಳು. ನೀನು ಅದನ್ನು ಬರೆದಿಲ್ಲ. ಮುಟ್ಟಿರುತ್ತಾಳೆ ಎಂದು ಹೇಳಿದೆ.

ಹುಡುಗನಿಗೆ ಏನು ಬರೆಯಬೇಕೆಂದು ನನಗೂ ಗೊತ್ತಿಲ್ಲ. ನನಗೆ ಹತ್ತು ವರ್ಷವಿದ್ದಾಗ ಒಂದು ಪತ್ರ ಬಂದಿದ್ದರೆ ಅದರಲ್ಲಿ ಏನಿರಬೇಕಿತ್ತು ಎಂದು ಎರಡು ದಿನ ಯೋಚಿಸಿದೆ. ತಿಳಿಯಲಿಲ್ಲ. ಬರಬೇಕಿತ್ತು, ಅಷ್ಟೇ.

ಇವತ್ತೇ ಬರಿ. ಅವನ ತಾಯಿ ಹರಿದುಹಾಕಿದರೆ ಇನ್ನೊಂದು ಬರಿ. ನನಗೆ ಬರೆಯುವುದನ್ನು ಸದ್ಯ ನಿಲ್ಲಿಸು.

ಶಿವಕುಮಾರಿ